ಐದು ಸಲ ತಪ್ಪಿದ ಮಾಷ್ಟ್ರು

ಮಾಷ್ಟ್ರು ತೀರಿಕೊಂಡ ಸುದ್ದಿ ಕೇಳಿ ಮೂಡುಬಿದಿರೆಗೆ ಹೋದಾಗ, ಅಂಗಳದಲ್ಲಿ ಕುರ್ಚಿ ಹಾಕಿ ಕೂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಪಾಪದ ಜನ, ಯಾರಿಗೂ ಒಂದು ಉಪದ್ರ ಕೊಟ್ಟವರಲ್ಲ. ನಾನು ತಲೆತಗ್ಗಿಸಿ ಕೂತೆ. ಸಾವಿನ ಮನೆಯಲ್ಲಿ ವಾದಕ್ಕಿಳಿಯಬಾರದೆಂದು ನನ್ನ ಉಮ್ಮ, ಉಪ್ಪ, ಎಂದರೆ ಅಮ್ಮ, ಅಪ್ಪ, ಕಲಿಸಿದ್ದಾರೆ. ಇಲ್ಲಿ ಮಾತ್ರ ಸತ್ಯ ಹೇಳುತ್ತೇನೆ. ನಾನು ಕಂಡ ಮನುಷ್ಯರಲ್ಲಿ ಅವರಷ್ಟು ಉಪದ್ರ ಕೊಟ್ಟವರು ಇನ್ನೊಬ್ಬರಿಲ್ಲ. ಆ ಉಪದ್ರಕ್ಕೆ ಅವರಿಗೆ ತಿಂಗಳ ಸಂಬಳ ಸಿಗುತ್ತಿತ್ತು ಎಂಬುದು ಬೇರೆ ವಿಷಯ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷ ಆಗಿತ್ತು. ಬಿ.ಸಿ.ರೋಡಿನಲ್ಲಿ ಹೆದ್ದಾರಿಯ ಬದಿಗೆ, ಟಯರಿನ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಆಫೀಸು. ದುಬಾಯಿಯಲ್ಲಿ ಹೋಟೆಲಿನ ಲೆಕ್ಕಪತ್ರ ನೋಡಿಕೊಂಡಿದ್ದ ಒಬ್ಬರು ಊರಿಗೆ ಬಂದು, ಎಲ್ಲರೂ ಹೋಟೆಲು ಇಡುತ್ತಾರೆ, ನಾನು ವೆಬ್‌ಸೈಟು ಇಡುತ್ತೇನೆ ಎಂದು ಹೊರಟು ಶುರುಮಾಡಿದ ಕಂಪನಿ ಅದು. ಅವರು ಮಾಲೀಕರು. ಪಾಲಿಟೆಕ್ನಿಕ್ ಮುಗಿಸಿದ ನಾನು ಪ್ರೋಗ್ರಾಮು ಬರೆಯುವವಳು. ಚಿತ್ರ, ಬಣ್ಣ ನೋಡಿಕೊಳ್ಳುವ ಇನ್ನೊಬ್ಬ ಹುಡುಗ ವಾರದಲ್ಲಿ ಮೂರು ದಿನ ಜ್ವರದಲ್ಲಿ ಇರುತ್ತಿದ್ದ. ನಾನು ಬರೆದದ್ದರಲ್ಲಿ ತಪ್ಪು ಹುಡುಕಲಿಕ್ಕೆಂದು ಮಾಲೀಕರು ಮೂಡುಬಿದಿರೆಯಿಂದ ಕರೆತಂದವರು ಮಾಷ್ಟ್ರು. ಅಲ್ಲಿನ ಒಂದು ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳುತ್ತಿದ್ದವರು, ಅದು ಮುಚ್ಚಿತು. "ಪರೀಕ್ಷೆಯ ಪೇಪರ್ ತಿದ್ದಿ ತಿದ್ದಿ ಅವರಿಗೆ ಅಭ್ಯಾಸ ಉಂಟು, ಇದೂ ಹಾಗೆಯೇ ಅಲ್ಲವಾ?" ಎಂದರು ಮಾಲೀಕರು. ಹಾಗೆ ಅಲ್ಲ ಎಂದು ಹೇಳುವಷ್ಟು ಧೈರ್ಯ ನನಗೆ ಆಗ ಇರಲಿಲ್ಲ.

ಅರ್ಧತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಮಳೆ ಇರಲಿ ಬಿಸಿಲಿರಲಿ ಕೈಯಲ್ಲಿ ಕೊಡೆ. ಸಿದ್ಧಕಟ್ಟೆಯ ಮಾರ್ಗವಾಗಿ ಬರುವ ಬಸ್ಸಿನಿಂದ ಇಳಿದು, ಮೆಟ್ಟಿಲು ಹತ್ತಿ, ಕೊಡೆಯನ್ನು ಕಿಟಕಿಗೆ ಸಿಕ್ಕಿಸಿ, ಮೊದಲ ದಿನ ನನ್ನ ಕಂಪ್ಯೂಟರಿನ ಮುಂದೆ ಕೂತರು. ಬಳಕೆದಾರರು ಹೆಸರು ಮತ್ತು ಪಾಸ್‌ವರ್ಡು ಹಾಕಿ ಒಳಗೆ ಬರುವ ಪುಟವನ್ನು ನಾನು ಆಗಷ್ಟೇ ಮುಗಿಸಿದ್ದೆ. ಅವರು ತಪ್ಪು ಪಾಸ್‌ವರ್ಡು ಹಾಕಿದರು. 'ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ' ಎಂದು ಬಂತು. ಮತ್ತೆ ತಪ್ಪು ಹಾಕಿದರು. ಎಂಟರ್ ಒತ್ತಿದ ಮೇಲೆ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಫಲಿತಾಂಶಕ್ಕೆ ಕಾದಿರುವ ಹುಡುಗನ ಹಾಗೆ ಪರದೆ ನೋಡುವುದು ಅವರ ಕ್ರಮ. ಊಟದ ಹೊತ್ತಿನವರೆಗೂ ಅದನ್ನೇ ಮಾಡಿದರು. ನಾನು ಒಳಗೊಳಗೆ ಕುದಿಯುತ್ತಿದ್ದೆ.

"ನಿನ್ನ ಬಾಗಿಲಿಗೆ ಬೇಸರವೇ ಬರುವುದಿಲ್ಲ ಮಾರಾಯ್ತಿ" ಎಂದರು ಕೊನೆಗೆ.

"ಯಾಕೆ ಬರಬೇಕು ಸರ್?"

"ನಾನು ನಿಮ್ಮ ಮನೆಗೆ ಬಂದು, ನಿಮ್ಮ ಉಪ್ಪನ ಹೆಸರು ಒಂದೊಂದು ಸಲ ಒಂದೊಂದು ಹೇಳಿ ಬಾಗಿಲು ತಟ್ಟಿದ್ರೆ ಎಷ್ಟನೇ ಸಲಕ್ಕೆ ಓಡಿಸ್ತೀರಿ?"

"ಎರಡನೇ ಸಲಕ್ಕೆ."

"ಇದು ಬೆಳಗ್ಗಿಂದ ನನಗೆ 'ಮತ್ತೆ ಪ್ರಯತ್ನಿಸಿ' ಅಂತ ಉಪಚಾರ ಮಾಡ್ತಾ ಉಂಟು. ಕಳ್ಳನಿಗೆ ಬೇಕಾದದ್ದು ಇದೇ. ಅವನಿಗೆ ಬುದ್ಧಿ ಬೇಡ, ಪುರುಸೊತ್ತು ಇದ್ರೆ ಸಾಕು."

ಒಬ್ಬ ಮನುಷ್ಯ ಒಂದು ಬಾಗಿಲನ್ನು ಎಷ್ಟು ಹೊತ್ತಿನಲ್ಲಿ ಎಷ್ಟು ಸಲ ತಟ್ಟಬಹುದು, ಆ ಲೆಕ್ಕವನ್ನು ಬಾಗಿಲು ಯಾರ ಮೇಲೆ ಇಡುತ್ತದೆ, ಆ ಲೆಕ್ಕವನ್ನು ತಪ್ಪಿಸುವುದು ಹೇಗೆ: ಮುಂದಿನ ಎರಡು ವರ್ಷ ನಮ್ಮ ನಡುವೆ ಇದೇ ಜಗಳ. ಐದು ಸಲ ತಪ್ಪಿದರೆ ಬಾಗಿಲು ಮುಚ್ಚುವ ಹಾಗೆ ಮಾಡಿದೆ. ಅವರು ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಸೇರಿಸಿ ಮತ್ತೆ ಐದು ಸಲ ತಟ್ಟಿದರು. ಎರಡು ಖಾಲಿ ಜಾಗಕ್ಕೆ ಇನ್ನೈದು. ಬಾಗಿಲಿಗೆ ಆ ಹೆಸರುಗಳೆಲ್ಲ ಒಬ್ಬರದೇ, ಲೆಕ್ಕ ಇಡುವ ನನ್ನ ಪ್ರೋಗ್ರಾಮಿಗೆ ಮಾತ್ರ ಬೇರೆಬೇರೆ ಜನ. ಅದನ್ನು ಸರಿಮಾಡಿದೆ. ನನಗೆ ಶಹಬ್ಬಾಸ್ ಹೇಳುತ್ತಾರೆಂದು ಕಾದೆ. "ಇನ್ನು ಎಲ್ಲಿಂದ ನುಗ್ಗುವ?" ಎಂದು ಕೊಡೆ ತೆಗೆದುಕೊಂಡು ಚಹಾಕ್ಕೆ ಹೋದರು.

ಚಹಾ ಎಂದರೆ ಅದೂ ಒಂದು ಪರೀಕ್ಷೆಯೇ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿಗೆ ಸಾಂಬಾರು ಎಷ್ಟು ಸಲ ಕೇಳಬಹುದು ಎಂದು ಅವರು ಒಂದು ವಾರ ಶೋಧಿಸಿದರು. ನಾಲ್ಕನೇ ಸಲಕ್ಕೆ ಸಪ್ಲೈಯರನ ಮುಖ ಬದಲಾಗುತ್ತದೆ. ಆಗ ಎದ್ದು ಇನ್ನೊಂದು ಮೇಜಿಗೆ ಹೋಗಿ ಕೂತು ಕೇಳಿದರು. ಕೊಡಲಿಲ್ಲ. ಅದೇ ಮೇಜಿನಲ್ಲಿ ಇನ್ನೊಬ್ಬ ಸಪ್ಲೈಯರನ ಹತ್ತಿರ ಕೇಳಿದರು. ಕೊಟ್ಟ. "ನೋಡು, ಲೆಕ್ಕ ಮೇಜಿನ ಮೇಲೆ ಇಲ್ಲ, ಸಪ್ಲೈಯರನ ತಲೆಯಲ್ಲಿ ಉಂಟು. ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಸೈಟು ನಡೆಸುವ ನಿನ್ನ ಎರಡು ಸರ್ವರು ಕೂಡ ಹಾಗೆಯೇ" ಎಂದು ನನಗೆ ಪಾಠ ಮಾಡಿದರು. ಶನಿವಾರ ಹೋಟೆಲಿನ ಯಜಮಾನ ಸಾಂಬಾರಿನ ಬಕೇಟನ್ನೇ ತಂದು ಅವರ ಮೇಜಿನ ಮೇಲೆ ಕುಕ್ಕಿ, "ತಿನ್ನಿ ಮಾಷ್ಟ್ರೇ, ಮುಗಿಯುವವರೆಗೆ ತಿನ್ನಿ" ಎಂದ. ಮಾಷ್ಟ್ರಿಗೆ ಬಹಳ ನಿರಾಸೆಯಾಯಿತು. ಮಿತಿಯೇ ಇಲ್ಲದಲ್ಲಿ ಪರೀಕ್ಷೆ ಮಾಡುವುದು ಏನನ್ನು ಎಂದು ಆಫೀಸಿಗೆ ಬಂದು ಗೊಣಗಿದರು. ಆಮೇಲೆ ಆ ಹೋಟೆಲಿಗೆ ಹೋಗಲಿಲ್ಲ.

ಹೀಗೆ ಇರುವಾಗ ಮಾಷ್ಟ್ರ ಸಮುದಾಯದ ಸಂಘದವರು ನಮ್ಮಲ್ಲಿಗೆ ಬಂದರು. ಅವರ ಸಮುದಾಯದ ಹುಡುಗ ಹುಡುಗಿಯರ ವಿವರ ಹಾಕಿ ಸಂಬಂಧ ನೋಡುವ ವೆಬ್‌ಸೈಟು ಆಗಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳೆಲ್ಲ ಸೇರಬೇಕು. ಒಬ್ಬ ಸದಸ್ಯ ದಿನಕ್ಕೆ ಮೂರು ಮನೆಯ ಫೋನ್ ನಂಬರು ನೋಡಬಹುದು, ಮೂರು ಮನೆಗೆ 'ಆಸಕ್ತಿ' ಎಂಬ ಗುಂಡಿ ಒತ್ತಬಹುದು. ಒತ್ತಿದರೆ ಹುಡುಗಿಯ ತಂದೆಯ ಮೊಬೈಲಿಗೆ ಸಂದೇಶ ಹೋಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಮದುವೆ ದಲ್ಲಾಳಿಗಳು ಒಂದೇ ದಿನದಲ್ಲಿ ಎಲ್ಲ ನಂಬರು ಬಾಚಿಕೊಂಡು ಹೋಗುತ್ತಾರೆಂದು ಸಂಘದವರಿಗೆ ಭಯ.

ಮಾಷ್ಟ್ರಿಗೆ ಇದ್ದ ಭಯ ದಲ್ಲಾಳಿಗಳದ್ದಲ್ಲ. ಅವರ ಟ್ಯುಟೋರಿಯಲ್ಲಿಗೆ ತೋಡಾರಿನಿಂದ ಬರುತ್ತಿದ್ದ ಒಬ್ಬ ಹುಡುಗಿಯ ಮನೆಯ ನಂಬರು ಯಾರದೋ ಕೈಗೆ ಸಿಕ್ಕಿ, ಹೊತ್ತಿಲ್ಲದ ಹೊತ್ತಿಗೆ ಫೋನು ಬರಲು ಶುರುವಾಗಿ, ಮನೆಯವರು ಫೋನು ತೆಗೆಸುವ ಬದಲು ಹುಡುಗಿಯ ಕ್ಲಾಸು ಬಿಡಿಸಿದ್ದರಂತೆ. "ಲೆಕ್ಕದಲ್ಲಿ ನನಗಿಂತ ಚುರುಕು ಇದ್ದಳು" ಎಂದು ಒಮ್ಮೆ ಹೇಳಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಎಂದಿನ ತುಂಟತನ ಇರಲಿಲ್ಲ. ಆ ದಿನದಿಂದ ಅವರ ಉಪದ್ರವನ್ನು ನಾನು ಸ್ವಲ್ಪ ಸಹಿಸಿಕೊಂಡೆ.

ಬೀಗದ ನಿಯಮ ಹೇಗಿರಬೇಕೆಂದು ತೀರ್ಮಾನಿಸಿದವರು ಅವರೇ. ಹೆಸರಿನ ಲೆಕ್ಕ ಸಾಲದೆಂದು ನಡುವೆ ನಾನು ಐದು ಸಲ ತಪ್ಪಿದ ಕಂಪ್ಯೂಟರಿನ ಇಂಟರ್ನೆಟ್ ವಿಳಾಸವನ್ನು ಹೊರಗಿಡುವ ಹಾಗೆ ಮಾಡಿದ್ದೆ. ಮುಂಬೈ ಬಸ್ಸಿನ ಟಿಕೆಟು ಕೊಡುವ ನಮ್ಮ ಇನ್ನೊಂದು ಸೈಟಿಗೂ ಅದೇ ಬಾಗಿಲು. ಮಾಷ್ಟ್ರು ಎದುರಿನ ಸೈಬರ್ ಸೆಂಟರಿಗೆ ಹೋಗಿ ಐದು ಸಲ ತಪ್ಪಿದರು. ಹೊರಗಿನಿಂದ ನೋಡಿದರೆ ಆ ಸೆಂಟರಿನ ಕಂಪ್ಯೂಟರುಗಳಿಗೆಲ್ಲ ಒಂದೇ ವಿಳಾಸ; ಒಬ್ಬರ ತಪ್ಪಿಗೆ ಇಡೀ ಅಂಗಡಿಗೆ ಶಿಕ್ಷೆ. ಗಲ್ಫಿನ ವಿಮಾನ ಹಿಡಿಯಲು ಮುಂಬೈಗೆ ಟಿಕೆಟು ತೆಗೆಯುತ್ತಿದ್ದ ಒಬ್ಬರು ಹೆದ್ದಾರಿ ದಾಟಿ ಬಂದು ನಮ್ಮ ಮಾಲೀಕರಿಗೆ ಮೂರು ಭಾಷೆಯಲ್ಲಿ ಬೈದರು. ಹಾಗಾಗಿ ಬೀಗವನ್ನು ವಿಳಾಸದ ಮೇಲೆ ಹಾಕುವುದು ಬೇಡ, ಖಾತೆಯ ಮೇಲೆ ಹಾಕುವ ಎಂದರು ಮಾಷ್ಟ್ರು. ಯಾರ ಹೆಸರಿನಲ್ಲಿ ಐದು ಸಲ ತಪ್ಪಾಯಿತೋ ಆ ಖಾತೆ ಇಪ್ಪತ್ತನಾಲ್ಕು ಗಂಟೆ ಬಂದ್. ಮಾಲೀಕರು ಮನಸ್ಸು ಮಾಡಿದರೆ ತೆರೆಯಬಹುದು ಎಂದು ನಾನು ಒಂದು ಗುಂಡಿ ಇಟ್ಟಿದ್ದೆ.

ಅದಕ್ಕೂ ಕಲ್ಲು ಬಿತ್ತು. ಒಂದು ಮಧ್ಯಾಹ್ನ ಮಾಲೀಕರಿಗೆ ಫೋನು. ಬೆಳ್ತಂಗಡಿ ಕಡೆಯ ಯಾರೋ ಮುದುಕರು ಅಳುತ್ತಿದ್ದಾರೆ: ಬಸ್ಸಿನ ಸೈಟಿನಲ್ಲಿ ಖಾತೆ ಬಂದ್ ಆಗಿದೆ, ಮಗಳಿಗೆ ಹುಡುಗನನ್ನು ನೋಡಲಿಕ್ಕೆ ನಾಳೆ ಮುಂಬೈಗೆ ಹೋಗಲಿಕ್ಕುಂಟು, ಒಮ್ಮೆ ತೆರೆದು ಕೊಡಿ ಸ್ವಾಮೀ. ಮಾಲೀಕರ ಕಣ್ಣಲ್ಲಿ ನೀರು. "ತೆರೆದು ಕೊಡು, ಪುಣ್ಯ ಬರ್ತದೆ" ಎಂದು ನನಗೆ ಆಜ್ಞೆಯಾಯಿತು. ತೆರೆದೆ. ಹತ್ತು ನಿಮಿಷದಲ್ಲಿ ಕೆಳಗಿನ ಎಸ್.ಟಿ.ಡಿ. ಬೂತಿನ ಚೀಟಿ ಹಿಡಿದುಕೊಂಡು ಮಾಷ್ಟ್ರು ಮೆಟ್ಟಿಲು ಹತ್ತಿ ಬಂದರು.

"ಮುದುಕ ನಾನೇ" ಎಂದರು. "ನಾನು ಅತ್ತರೆ ಬಾಗಿಲು ತೆರೀತದೆ. ಅಳಲಿಕ್ಕೆ ಬರುವ ಕಳ್ಳ ಬಂದ್ರೆ ಎಂತ ಮಾಡ್ತೀರಿ? ಇನ್ನು ಯಾರೂ ತೆರೆಯಲಿಕ್ಕಿಲ್ಲ. ನೀವೂ ಇಲ್ಲ, ಇವಳೂ ಇಲ್ಲ, ನಾನೂ ಇಲ್ಲ."

ಗುಂಡಿಯನ್ನು ನಾನು ಕಿತ್ತುಹಾಕಿದೆ. ಮಾಲೀಕರು ಮೂರು ದಿನ ಅವರ ಹತ್ತಿರ ಮಾತಾಡಲಿಲ್ಲ. ಆದರೆ ಸಂಘದ ಸಭೆಗೆ ಹೋದಾಗ, ನಮ್ಮ ಬೀಗ ಹಾಕಿದ ಮೇಲೆ ನಮಗೇ ತೆರೆಯಲಿಕ್ಕೆ ಆಗುವುದಿಲ್ಲ ಎಂದು ಎದೆ ಉಬ್ಬಿಸಿ ಹೇಳಿ ಚಪ್ಪಾಳೆ ತೆಗೆದುಕೊಂಡು ಬಂದರು.

ಈಗ ಅನಾಹುತದ ವಿಷಯ. ಪರೀಕ್ಷೆಗೆಂದು ಖಾತೆ ತೆರೆಯುವಾಗ ಎಲ್ಲರೂ ಏನಾದರೊಂದು ಸುಳ್ಳು ಹೆಸರು ಹಾಕುತ್ತಾರೆ. ಮಾಷ್ಟ್ರು ಹಾಕುವುದಿಲ್ಲ. "ಸುಳ್ಳು ಬರೆದು ಸತ್ಯ ಹುಡುಕುವುದು ಹೇಗೆ?" ಎಂದು ಅವರ ವಾದ. ವರರ ವಿಭಾಗದಲ್ಲಿ ಅವರ ಸ್ವಂತ ಹೆಸರು, ಸ್ವಂತ ಫೋಟೋ, ಪ್ರಾಯ ನಲವತ್ತೆಂಟು, ಊರು ಮೂಡುಬಿದಿರೆ. ಮೊಬೈಲು ಇಲ್ಲದ್ದರಿಂದ ಆಫೀಸಿನ ಫೋನು ನಂಬರು. ಮದುವೆ ಆಗಿದೆಯಾ ಎಂಬಲ್ಲಿ 'ಅವಿವಾಹಿತ', 'ವಿಧುರ', 'ವಿಚ್ಛೇದಿತ' ಎಂದು ಮೂರೇ ಆಯ್ಕೆ. ಮೂರೂ ಸುಳ್ಳಾಗುತ್ತದೆಂದು ಅದನ್ನು ಖಾಲಿ ಬಿಟ್ಟು, ಖಾಲಿ ಬಿಟ್ಟರೂ ನಿನ್ನ ಪುಟ ತೆಗೆದುಕೊಳ್ಳುತ್ತದೆ, ಅದು ತಪ್ಪು ಎಂದು ನನಗೇ ಬೈದಿದ್ದರು. ಸರಿಮಾಡುತ್ತೇನೆ ಎಂದವಳು ಮರೆತಿದ್ದೆ.

ಇದೆಲ್ಲ ಹೊರಗಿನವರಿಗೆ ಕಾಣದ, ಪರೀಕ್ಷೆಯ ಪ್ರತಿಯಲ್ಲಿ ಇದ್ದದ್ದು. ಆದರೆ ಸಂಘದ ಕಾರ್ಯದರ್ಶಿಗೆ ಅವಸರ. ಒಂದು ಸಂಜೆ ನಾವೆಲ್ಲ ಮನೆಗೆ ಹೋದ ಮೇಲೆ ಮಾಲೀಕರು ಅದೇ ಪ್ರತಿಗೆ ಮನೆಮನೆಯ ನಿಜವಾದ ವಿವರ ತುಂಬಿಸಿ, ಲೋಕಕ್ಕೆ ಬಿಟ್ಟು, ಬೆಳಿಗ್ಗೆ ಮಂಗಳೂರಿಗೆ ಹೊರಟರು. ನಮಗೆ ಹೇಳಲಿಲ್ಲ. ಬೆಳಿಗ್ಗೆ ಬಂದ ಮಾಷ್ಟ್ರು, ಪಟ್ಟಿಯ ಹೊಸ ಹೆಸರುಗಳೆಲ್ಲ ಪರೀಕ್ಷೆಗೆಂದು ನಾನು ತುಂಬಿಸಿದ್ದೆಂದುಕೊಂಡು, ಆ ದಿನದ ಕೆಲಸ ಶುರುಮಾಡಿದರು. 'ಆಸಕ್ತಿ' ಗುಂಡಿಯನ್ನು ಮೂರು ಸಲ ಒತ್ತಿದರು. ನಾಲ್ಕನೆಯದಕ್ಕೆ ಗುಂಡಿ ಮಂಕಾಯಿತು. ಆಗ ಗುಂಡಿಯನ್ನು ಬಿಟ್ಟು, ಪರದೆಯ ಮೇಲ್ತುದಿಯ ಪುಟದ ವಿಳಾಸದ ಕೊನೆಯಲ್ಲಿದ್ದ ಹುಡುಗಿಯ ಸಂಖ್ಯೆಯನ್ನು ಕೈಯಲ್ಲಿ ಬದಲಿಸಿ ಎಂಟರ್ ಒತ್ತಿದರು. ಹೋಯಿತು. ಮುಂದಿನ ಸಂಖ್ಯೆ. ಹೋಯಿತು. ನಾನು ಗುಂಡಿಗೆ ಮಾತ್ರ ಮಿತಿ ಹಾಕಿದ್ದೆ, ಅದರ ಹಿಂದಿನ ದಾರಿಗೆ ಹಾಕಿರಲಿಲ್ಲ. ಎಲ್ಲಿಯಾದರೂ ನಿಲ್ಲುತ್ತದೋ ನೋಡುವ ಎಂದು ಅವರು ಪಟ್ಟಿಯ ಕೊನೆಯ ಹುಡುಗಿಯವರೆಗೂ ಹೋದರು. ಆಮೇಲೆ ಬೀಗದ ಪರೀಕ್ಷೆ: ತಮ್ಮದೇ ಖಾತೆಗೆ ಐದು ಸಲ ತಪ್ಪು ಪಾಸ್‌ವರ್ಡು. ಖಾತೆ ಬಂದ್. "ಬೀಗ ಪಾಸು, ಆಸಕ್ತಿ ಫೇಲು" ಎಂದು ನನಗೆ ಹೇಳಿ ಕನ್ನಡಕ ಒರೆಸಿಕೊಂಡರು.

ಹನ್ನೊಂದು ಗಂಟೆಗೆ ಮೊದಲ ಫೋನು ಬಂತು. ಯಾರೋ ಒಬ್ಬ ತಂದೆ. "ನಲವತ್ತೆಂಟು ಪ್ರಾಯದ ಗಂಡಿಗೆ ಇಪ್ಪತ್ತೆರಡರ ಹುಡುಗಿ ಬೇಕಾ? ನಾಚಿಕೆ ಆಗುದಿಲ್ವಾ?" ಇಟ್ಟ ಕೂಡಲೇ ಇನ್ನೊಂದು. ಅದಾದ ಮೇಲೆ ಫೋನು ಕೆಳಗಿಡಲು ಪುರುಸೊತ್ತು ಸಿಗಲಿಲ್ಲ. ನಾನು ಸೈಟು ತೆರೆದು ನೋಡಿದೆ. ಮೂರು ಊರಿನ ಸುತ್ತಿನ ಹುಡುಗಿಯರ ತಂದೆಯಂದಿರಿಗೆಲ್ಲ ನಮ್ಮ ಮಾಷ್ಟ್ರ ಆಸಕ್ತಿ ತಲುಪಿತ್ತು.

ಮಧ್ಯಾಹ್ನ ಮೆಟ್ಟಿಲಿನಲ್ಲಿ ದಡದಡ ಸದ್ದು. ಬೆಳ್ತಂಗಡಿಯ ಅವರ ಭಾವ, ಎಂದರೆ ಹೆಂಡತಿಯ ಅಣ್ಣ, ಮೊಬೈಲನ್ನು ಮುಂದೆ ಹಿಡಿದುಕೊಂಡೇ ಒಳಗೆ ಬಂದರು. ಹಿಂದೆ ಮಾಷ್ಟ್ರ ಹೆಂಡತಿ. ಅಣ್ಣನ ಫೋನು ಹೋದ ಕೂಡಲೇ ಮೂಡುಬಿದಿರೆಯಿಂದ ಬಸ್ಸು ಹತ್ತಿದ್ದರು. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಹಬ್ಬಕ್ಕೆ ನನಗೆ ಪ್ರತ್ಯೇಕ ಕೆಸುವಿನೆಲೆಯ ಪತ್ರೊಡೆ ಕಟ್ಟಿ ಕಳಿಸುವವರು ಆ ದಿನ ನನ್ನ ಮುಖ ನೋಡಲಿಲ್ಲ.

"ಭಾವ, ಇದು ಎಂತದು? ನನ್ನ ಮಗಳಿಗೆ! ನಿಮ್ಮನ್ನು ಮಾವ ಅಂತ ಕರೆಯುವ ಹುಡುಗಿಗೆ!" ಎಂದು ಕೂಗಿದರು ಅಕ್ಕನ ಅಣ್ಣ. ಅವರಿಗೆ ಮಾಷ್ಟ್ರೂ ಭಾವನೇ.

ಮಾಷ್ಟ್ರು ಮೊಬೈಲು ತೆಗೆದುಕೊಂಡು ಸಂದೇಶವನ್ನು ಕೊನೆಯವರೆಗೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಸಂದೇಶ ಮುಟ್ಟಿದೆ ಮಾರಾಯ್ತಿ. ನಾವು ಇದನ್ನು ನೋಡಿಯೇ ಇರಲಿಲ್ಲ" ಎಂದರು.

ಭಾವನಿಗೆ ಹೊಡೆಯುವಷ್ಟು ಸಿಟ್ಟು ಬಂದಿತ್ತು. ನಾನು ನಡುವೆ ನಿಂತು, ಪರೀಕ್ಷೆ, ಪ್ರತಿ, ಮಾಲೀಕರ ಅವಸರ ಎಲ್ಲ ವಿವರಿಸಿದೆ. ಭಾವ ಸ್ವಲ್ಪ ತಣ್ಣಗಾದರು. ಅಕ್ಕ ಆಗಲಿಲ್ಲ.

"ಪರೀಕ್ಷೆ ಅಂತ ನನಗೂ ಅರ್ಥ ಆಗ್ತದೆ" ಎಂದರು ಗಂಡನಿಗೆ. "ಆದ್ರೆ ಒಂದು ಬೆಳಿಗ್ಗೆಯಲ್ಲಿ ಊರಿನ ಹುಡುಗಿಯರಿಗೆಲ್ಲ ಆಸಕ್ತಿ ಕಳಿಸ್ಲಿಕ್ಕೆ ನಿಮಗೆ ಆಯ್ತಲ್ಲ, ಇಪ್ಪತ್ತು ವರ್ಷದಲ್ಲಿ ನನಗೆ ಒಂದು ಸಲ ಕಳಿಸಿದ್ದುಂಟಾ?"

ಮಾಷ್ಟ್ರು ನಿಜವಾಗಿಯೂ ಯೋಚಿಸಿದರು. "ನಿನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ" ಎಂದರು.

ಅವರು ಆ ಹೊತ್ತಿಗೆ ಬೇರೆ ಯಾವ ಉತ್ತರ ಕೊಟ್ಟಿದ್ದರೂ ನಡೆಯುತ್ತಿತ್ತು. ಅಕ್ಕನ ಕಣ್ಣು ತುಂಬಿತು. ಅದನ್ನು ಕಂಡು ನನಗೆ ಮಾಷ್ಟ್ರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಂಗಳೂರಿನಿಂದ ಓಡಿಬಂದ ಮಾಲೀಕರು, ಇವರ ವಿವರವನ್ನು ಮೊದಲು ತೆಗೆದು ಬಿಸಾಡು ಎಂದರು ನನಗೆ. ಸದಸ್ಯರ ವಿವರ ತೆಗೆಯಬೇಕಾದರೆ ಅವರವರೇ ಒಳಗೆ ಹೋಗಿ ತೆಗೆಯಬೇಕೆಂಬುದು ಸಂಘಕ್ಕೆ ಕೊಟ್ಟ ಮಾತು. ಮಾಷ್ಟ್ರ ಖಾತೆ ಬಂದ್ ಆಗಿ ಕೂತಿದೆ. ಆದರೆ ಪ್ರೋಗ್ರಾಮು ಬರೆದ ನಾನು ಹಿಂದಿನಿಂದ ಹೋಗಿ ತೆಗೆಯಬಹುದು, ಎರಡು ನಿಮಿಷದ ಕೆಲಸ. ಕೀಲಿಮಣೆ ಎಳೆದುಕೊಂಡೆ.

"ಬೇಡ" ಎಂದರು ಮಾಷ್ಟ್ರು.

"ಸರ್, ನಿಮ್ಮ ಸಂಸಾರದ ಪ್ರಶ್ನೆ."

"ಹೌದು. ನಾಳೆ ಇನ್ನೊಬ್ಬ ಬಂದು ಇದು ನನ್ನ ಸಂಸಾರದ ಪ್ರಶ್ನೆ ಅಂತಾನೆ. ನನಗಾಗಿ ಹಿಂದಿನಿಂದ ತೆರೆದದ್ದು ಗೊತ್ತಾದ್ರೆ ಅವನಿಗೆ ಇಲ್ಲ ಅನ್ಲಿಕ್ಕೆ ಯಾರಿಗೆ ಬಾಯಿ ಉಂಟು? ಅಷ್ಟು ಮನೆಯ ಹುಡುಗಿಯರ ನಂಬರು ಅದರ ಒಳಗೆ ಉಂಟು. ನಾಳೆ ಹನ್ನೊಂದಕ್ಕೆ ತಾನಾಗಿ ಬಿಡ್ತದೆ. ನಾನೇ ತೆಗೀತೇನೆ."

"ಹಾಗಾದ್ರೆ ನಾಳೆವರೆಗೆ ನೀವು ಮದುಮಗನೇ" ಎಂದರು ಅಕ್ಕ. ಫೋನು ಬಡಿದುಕೊಳ್ಳುತ್ತಿತ್ತು. ನಾನು ಕೈ ಚಾಚುವ ಮೊದಲು ಅಕ್ಕ ಎತ್ತಿಕೊಂಡರು.

"ಹಲೋ. ಹೌದು, ಹುಡುಗನ ಕಡೆಯವರೇ. ನಾನಾ? ನಾನು ಹುಡುಗನ ಹೆಂಡತಿ."

ಆ ಮಧ್ಯಾಹ್ನವಿಡೀ ಅವರು ಆ ಕುರ್ಚಿಯಿಂದ ಏಳಲಿಲ್ಲ. ಬೈದವರಿಗೆ, ನೀವು ಬೈಯುವುದು ಸರಿ ಉಂಟು, ಇನ್ನೂ ಸ್ವಲ್ಪ ಬೈಯಿರಿ ಎಂದರು. ಜಾತಕ ಕೇಳಿದವರಿಗೆ, ಜಾತಕ ಆಗಲೇ ನನ್ನ ಜಾತಕದ ಜೊತೆಗೆ ಕೂಡಿಸಿ ಆಗಿದೆ ಎಂದರು. ಭಾವ ಸಹ ಒಮ್ಮೆ ನಗು ತಡೆಯಲಾಗದೆ ಹೊರಗೆ ಹೋಗಿ ಬಂದರು. ನೆರಿಯ ಎಂಬ ಊರಿನಿಂದ ಮಾತಾಡಿದ ಒಬ್ಬರು ಮಾತ್ರ ಬೈಯಲಿಲ್ಲ, ನಗಲಿಲ್ಲ. ತಮ್ಮ ಹುಡುಗಿಗೂ ಪ್ರಾಯ ಮೀರಿದೆ, ನಲವತ್ತೆಂಟು ಆದರೂ ಅಡ್ಡಿಯಿಲ್ಲ, ಗಂಡು ಹೇಗೆ ಎಂದು ಸಂಕೋಚದಿಂದ ಕೇಳಿದರು. ಅಕ್ಕನಿಗೆ ಆಗ ಸಿಟ್ಟು ತಲೆಗೇರಿತ್ತು. "ನಾನು ಈಗ ತವರಿಗೆ ಹೊರಟೆ. ನಿಮಗೆ ಬೇಕಾದ್ರೆ ಕರಕೊಂಡು ಹೋಗಿ!" ಎಂದು ಫೋನು ಕುಕ್ಕಿ, ಅಣ್ಣನ ಹಿಂದೆ ಬೆಳ್ತಂಗಡಿ ಬಸ್ಸಿಗೆ ಹೊರಟೇಹೋದರು. ಮಾಷ್ಟ್ರು ಕಿಟಕಿಯ ಹತ್ತಿರ ನಿಂತು ಬಸ್ಸು ಹೋಗುವುದನ್ನು ನೋಡಿದರು. ಕೊಡೆಯನ್ನು ಮರೆತು ಮನೆಗೆ ಹೋದರು.

ಮರುದಿನ ಹತ್ತೂವರೆಗೆ ಅಕ್ಕ ಮತ್ತು ಭಾವ ಬಂದು ಕೂತಿದ್ದರು. ಬೀಗ ಬಿಡುವುದನ್ನು ಕಣ್ಣಾರೆ ನೋಡಬೇಕಂತೆ. ಅಕ್ಕನ ಕಾಲಬುಡದಲ್ಲಿ ಬಟ್ಟೆಯ ಚೀಲ ಇತ್ತು. ಅದು ಯಾವ ಕಡೆಗೆ ಹೋಗುವ ಚೀಲ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಮಾಷ್ಟ್ರು ಶೇವ್ ಮಾಡಿರಲಿಲ್ಲ. ಹನ್ನೊಂದು ದಾಟಿತು. ಸರಿಯಾದ ಪಾಸ್‌ವರ್ಡು ಹಾಕಿ, ಎಂಟರ್ ಒತ್ತಿ, ಕೈ ಮಡಿಲಿಗೆ ಎಳೆದುಕೊಂಡರು.

'ನಿಮ್ಮ ಖಾತೆ ಬಂದ್ ಆಗಿದೆ.'

ಅಕ್ಕ ಎದ್ದು ನಿಂತರು. ನಾನು ಹೆದರಿ ಸರ್ವರಿನ ದಾಖಲೆ ತೆರೆದೆ. ಹಿಂದಿನ ದಿನ ಸಂಜೆಯ ಹೊತ್ತಿಗೆ ಯಾರೋ ಬೇರೆ ಊರಿನಿಂದ ಮಾಷ್ಟ್ರ ಖಾತೆಯನ್ನು ತಟ್ಟಿದ್ದಾರೆ. ತಟ್ಟಿದ್ದಾರೆ, ತಟ್ಟಿದ್ದಾರೆ. ಪ್ರತಿ ತಪ್ಪಿಗೂ ಇಪ್ಪತ್ತನಾಲ್ಕು ಗಂಟೆ ಹೊಸದಾಗಿ ಶುರುವಾಗಿದೆ.

"ಯಾರಪ್ಪ ಇದು?" ಎಂದೆ.

ಭಾವ ಕೆಮ್ಮಿದರು. "ನಾನು ಬೆಳ್ತಂಗಡಿಯ ಸೈಬರಿನಲ್ಲಿ ಕೂತು ನೋಡಿದೆ. ಒಳಗೆ ಹೋಗಿ ತೆಗೆದು ಹಾಕಿದ್ರೆ ಮಾನ ಉಳೀತದಲ್ಲ ಅಂತ."

"ಎಂತೆಂತ ಹಾಕಿದ್ರಿ ಭಾವ?" ಮಾಷ್ಟ್ರ ಧ್ವನಿಯಲ್ಲಿ ಜೀವ ಬಂದಿತ್ತು.

"ಮೊದಲು ಇವಳ ಹೆಸರು. ಆಗ್ಲಿಲ್ಲ. ಆಮೇಲೆ ನಿಮ್ಮ ಮನೆಯ ಹೆಸರು, ನಿಮ್ಮ ದನದ ಹೆಸರು..."

"ನನ್ನ ಹೆಸರು ಅಲ್ವಾ?" ಎಂದರು ಅಕ್ಕ.

"ಹೆಂಡತಿಯ ಹೆಸರು ಇಡಬಾರದು. ಕಳ್ಳ ಮೊದಲು ಅದನ್ನೇ ಹಾಕಿ ನೋಡುದು. ನೋಡು, ನಿನ್ನ ಅಣ್ಣನೂ ಹಾಕಿದ್ದು ಅದನ್ನೇ!"

ಮಾಷ್ಟ್ರು ಎದ್ದು ನಿಂತು ಭಾವನ ಎರಡೂ ಕೈ ಹಿಡಿದುಕೊಂಡರು. "ನಾನು ಎರಡು ವರ್ಷ ಒಳಗೆ ನುಗ್ಗುವವನನ್ನು ಮಾತ್ರ ಯೋಚನೆ ಮಾಡಿದೆ ಭಾವ. ಒಳಗೆ ನುಗ್ಗಲಿಕ್ಕೆ ಬೇಡ, ಇನ್ನೊಬ್ಬನನ್ನು ಹೊರಗೆ ನಿಲ್ಲಿಸಿದ್ರೆ ಸಾಕು ಅಂತ ಒಬ್ಬನಿಗೆ ಅನಿಸಿದ್ರೆ? ಅವನ ಹೆಸರು ಗೊತ್ತಿದ್ರೆ ಆಯ್ತು, ದ್ವೇಷ ಇದ್ದವನು ದಿನಾ ಬಂದು ತಟ್ಟಿ ಹೋದ್ರೆ ಆಯ್ತು, ಜನ್ಮದಲ್ಲಿ ಒಳಗೆ ಹೋಗ್ಲಿಕ್ಕಿಲ್ಲ! ನಿಯಮವೇ ತಪ್ಪು. ನನ್ನದೇ ತಪ್ಪು." ಇಷ್ಟು ಸಂತೋಷದಿಂದ ತನ್ನ ತಪ್ಪು ಒಪ್ಪಿಕೊಂಡವರನ್ನು ನಾನು ಆಮೇಲೆ ಕಂಡಿಲ್ಲ. ಭಾವ ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

ನಿಯಮ ತಪ್ಪೆಂದು ಆದ ಮೇಲೆ ಅದನ್ನು ಬದಲಿಸುವುದು ಯಾರಿಗೋ ಮಾಡುವ ಉಪಕಾರವಲ್ಲ, ಎಲ್ಲರಿಗೂ ಮಾಡುವ ಕೆಲಸ ಎಂದರು ಮಾಷ್ಟ್ರು. ತಟ್ಟುವವನು ಎಲ್ಲಿಂದ ತಟ್ಟುತ್ತಾನೆ, ಯಾವ ಬಾಗಿಲು ತಟ್ಟುತ್ತಾನೆ, ಎರಡನ್ನೂ ಸೇರಿಸಿ ಲೆಕ್ಕ ಇಡಬೇಕು. ಮನೆಯವನು ತನ್ನ ಮಾಮೂಲಿ ಜಾಗದಿಂದ ಬಂದರೆ ಬೇರೆಯವರ ತಪ್ಪು ಅವನಿಗೆ ಹತ್ತಬಾರದು. ನಾನು ಬರೆಯಲು ಕೂತೆ. ಅವರು ನನ್ನ ಹಿಂದೆ ನಿಂತು ಉಪದ್ರ ಕೊಡಲು ಶುರುಮಾಡಿದರು. ಭಾವ ಚಹಾ ತರಲು ಕೆಳಗೆ ಹೋದರು.

"ನಿಮ್ಮ ಈ ಮದುಮಗನ ವಿವರ ತೆಗೆಯುವುದು ಯಾವಾಗ?" ಎಂದರು ಅಕ್ಕ.

"ಬರೆದು ಆದ ಕೂಡಲೇ. ಪರೀಕ್ಷೆ ಒಂದು ಮಾಡ್ಬೇಕು" ಎಂದರು ಮಾಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ. ಅಕ್ಕ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಈಗ ಹೋಗುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಫೋನು. ಅಕ್ಕನೇ ಎತ್ತಿದರು. ನೆರಿಯದ ಅವರೇ. ಗಟ್ಟಿ ಸ್ವರದವರು, ಅವರು ಹೇಳಿದ್ದು ನಮಗೂ ಕೇಳುತ್ತಿತ್ತು. ನಿನ್ನೆ ನೀವು ಕರಕೊಂಡು ಹೋಗಿ ಅಂದಿರಿ, ಸಿಟ್ಟಿನಲ್ಲಿ ಹೇಳಿದ್ದೋ ನಿಜವಾಗಿ ಹೇಳಿದ್ದೋ ಗೊತ್ತಾಗಲಿಲ್ಲ, ಮನೆಯವರೆಲ್ಲ ಕೂತು ಮಾತಾಡಿದೆವು, ನೀವು ಬಿಡುವುದು ಖಂಡಿತವಾದರೆ ನಾವು ಮುಂದೆ ಯೋಚಿಸುವ ಅಂತ ಉಂಟು. ಒಂದೇ ಮಾತು ಹೇಳಿ ತಾಯೀ, ಜನ ಒಳ್ಳೆಯವರಾ?

ಮಾಷ್ಟ್ರು ಪರದೆಯಿಂದ ಕಣ್ಣು ತೆಗೆದು ಹೆಂಡತಿಯ ಕಡೆ ತಿರುಗಿದರು.

"ಒಳ್ಳೆಯವರು" ಎಂದರು ಅಕ್ಕ. ಮಡಿಲಲ್ಲಿದ್ದ ಚೀಲವನ್ನು ಕೆಳಗಿಟ್ಟರು. "ಒಳ್ಳೆಯವರೇ. ಆದ್ರೆ ಕೊಡ್ಲಿಕ್ಕಿಲ್ಲ. ನನಗೆ ಬೇಕು. ನಿಮ್ಮ ಮಗಳಿಗೆ ಒಳ್ಳೆ ಜಾಗ ಸಿಗ್ಲಿ."

ಫೋನು ಇಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನ ಕಡೆ ನೋಡದೆ ಹೇಳಿದರು: "ಬೇಗ ಮುಗಿಸಿ. ನಾಲ್ಕು ಗಂಟೆಯ ಮೂಡಬಿದ್ರೆ ಬಸ್ಸಿಗೆ ಹೋಗುವ."